ಅಡಿಕೆ ಸುಲಿಯುವ ಮನೆಯಲ್ಲಿ ವೇದಾಂತ ಓದಿದ ಬಗೆ

ವೇದಾಂತ ಓದಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡಬೇಕು, ಮನೆಕೆಲಸದ ನಡುವೆ ಆಗುತ್ತಾ ಅಂತ ಪರಿಚಯದ ಹೆಂಗಸರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಹಸು, ಮನೆಯಲ್ಲಿ ವಯಸ್ಸಾದ ಅತ್ತೆ. ಸಂಸ್ಕೃತ ನನಗೆ ಹೈಸ್ಕೂಲಿನಲ್ಲಿ ಕಲಿತಷ್ಟೇ ಗೊತ್ತು. ಅಷ್ಟು ಸಾಕಾಯಿತು.

ನಮ್ಮ ಕಡೆ ಪ್ರವಚನಕ್ಕೆ ಬರವಿಲ್ಲ. ವರದಹಳ್ಳಿಯಲ್ಲಿ ಶ್ರೀಧರ ಸ್ವಾಮಿಗಳ ಆಶ್ರಮ ಇದೆ, ಹೊಸನಗರದ ಕಡೆ ರಾಮಚಂದ್ರಾಪುರ ಮಠ ಇದೆ, ತೀರ್ಥಹಳ್ಳಿ ದಾಟಿ ಹೋದರೆ ಶೃಂಗೇರಿಯೇ ಸಿಗುತ್ತದೆ. ಕೇಳುವಾಗ ಮನಸ್ಸು ತುಂಬಿ ಬರುತ್ತದೆ. ಆದರೆ ಮನೆಗೆ ಬಂದು ಹಾಲು ಕರೆಯುವ ಹೊತ್ತಿಗೆ ಅದರಲ್ಲಿ ಬಂದ ಕಥೆ ಮಾತ್ರ ನೆನಪಿರುತ್ತದೆ, ವಿಚಾರ ಎಲ್ಲೋ ಹೋಗಿರುತ್ತದೆ. ನನಗೆ ದಾರಿ ಸಿಕ್ಕಿದ್ದು ನಾಲ್ಕು ಜನ ಒಟ್ಟಿಗೆ ಕೂತು, ಪುಸ್ತಕ ಹಿಡಿದು, ಸಾಲು ಸಾಲಾಗಿ ಓದಲು ಶುರು ಮಾಡಿದ ಮೇಲೆ.

ಊರಿನಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರಿದ್ದಾರೆ. ಅವರ ಮನೆ ಜಗುಲಿಯಲ್ಲಿ ವಾರಕ್ಕೊಂದು ಸಲ ಸೇರುತ್ತೇವೆ. ಶುರುವಾದದ್ದು ಮಳೆಗಾಲದಲ್ಲಿ. ಸನ್ಯಾಸಿಗಳು ಚಾತುರ್ಮಾಸ್ಯಕ್ಕೆ ಒಂದೇ ಕಡೆ ನಿಲ್ಲುವ ಕಾಲ ಅದು. ಮಲೆನಾಡಿನಲ್ಲಿ ಮಳೆ ಹಿಡಿದರೆ ಸಂಸಾರಸ್ಥರೂ ನಿಂತಲ್ಲೇ ನಿಲ್ಲಬೇಕಲ್ವಾ, ಹಾಗಾಗಿ ಓದಿಗೆ ಅದೇ ಒಳ್ಳೆಯ ಕಾಲ. ಮೇಷ್ಟ್ರು ಮೊದಲ ದಿನವೇ ಒಂದು ನಿಯಮ ಹೇಳಿದರು. ಒಂದು ಪುಸ್ತಕ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು. ಇದನ್ನು ನಾನೂ ಎಲ್ಲರಿಗೂ ಹೇಳುತ್ತೇನೆ. ಇವತ್ತು ಉಪನಿಷತ್ತು, ನಾಳೆ ಯಾರದ್ದೋ ವಿಡಿಯೋ, ನಾಡಿದ್ದು ಯೋಗವಾಸಿಷ್ಠ ಅಂತ ಓಡಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಮೊದಲು ಹಿಡಿದದ್ದು ತತ್ತ್ವಬೋಧ. ಚಿಕ್ಕ ಪುಸ್ತಕ, ಪ್ರಶ್ನೆ ಉತ್ತರದ ರೂಪದಲ್ಲಿದೆ. ವಿವೇಕ, ವೈರಾಗ್ಯ, ಮನಸ್ಸು ಇಂದ್ರಿಯಗಳನ್ನು ಹಿಡಿತದಲ್ಲಿಡುವ ಶಮ ದಮ ಮೊದಲಾದ ಆರು ಗುಣ, ಬಿಡುಗಡೆಯ ಹಂಬಲ, ಹೀಗೆ ನಾಲ್ಕು ಸಿದ್ಧತೆಗಳಿಂದ ಶುರುವಾಗುತ್ತದೆ. ಈ ಪಟ್ಟಿ ನೋಡಿ ತುಂಬಾ ಜನ ಹೆದರುತ್ತಾರೆ, ಇದೆಲ್ಲ ಕಾಷಾಯ ಉಟ್ಟವರಿಗೆ ಅಂದುಕೊಳ್ಳುತ್ತಾರೆ. ಆದರೆ ಆ ಆರರಲ್ಲಿ ಒಂದಾದ ಉಪರಮ ಅಂದರೇನು ಅಂತ ಪ್ರಶ್ನೆ ಬಂದಾಗ ತತ್ತ್ವಬೋಧ ಕೊಡುವ ಉತ್ತರ ಒಂದೇ ಸಾಲು: ‘ಸ್ವಧರ್ಮಾನುಷ್ಠಾನಮೇವ’. ತನ್ನ ಪಾಲಿನ ಕೆಲಸವನ್ನು ಸರಿಯಾಗಿ ಮಾಡುವುದೇ ಉಪರಮ. ಅಡುಗೆ, ಕೊಟ್ಟಿಗೆ, ಅತ್ತೆಯ ಔಷಧಿ, ಇದ್ಯಾವುದನ್ನೂ ಬಿಟ್ಟು ಓಡಬೇಕಾಗಿಲ್ಲ ಅಂತ ನನಗೆ ಧೈರ್ಯ ಬಂದದ್ದು ಈ ಒಂದು ಸಾಲಿನಿಂದ.

ಆತ್ಮವನ್ನು ಮುಚ್ಚಿದ ಐದು ಪದರ ಅನ್ನುವ ಪಂಚಕೋಶ, ಸ್ಥೂಲ ಸೂಕ್ಷ್ಮ ಕಾರಣ ಅನ್ನುವ ಮೂರು ಶರೀರ, ಇವನ್ನೆಲ್ಲ ಬೇಗ ಬೇಗ ಮುಗಿಸಿದೆವು. ಅವು ಮುಂದೆ ಮತ್ತೆ ಮತ್ತೆ ಬರುತ್ತವೆ, ಆಗ ತಾವೇ ಗಟ್ಟಿಯಾಗುತ್ತವೆ.

ಆಮೇಲೆ ದೃಗ್‌ದೃಶ್ಯವಿವೇಕ. ನೋಡುವುದು ಯಾವುದು, ಕಾಣುವುದು ಯಾವುದು ಅಂತ ಬಿಡಿಸಿ ಹೇಳುವ ಪುಸ್ತಕ, 46 ಶ್ಲೋಕ. ಶಂಕರಾಚಾರ್ಯರದು ಅಂತಲೂ, ಹಿಂದಿನ ಕಾಲದಲ್ಲಿ ಶೃಂಗೇರಿಯಲ್ಲಿದ್ದ ಭಾರತೀತೀರ್ಥರದು ಅಂತಲೂ ಹೇಳುತ್ತಾರೆ. ನನ್ನ ಮಟ್ಟಿಗೆ ಸಾಧನೆ ಶುರುವಾದದ್ದು ಇಲ್ಲಿಂದ. ಮೊದಲ ಶ್ಲೋಕದಲ್ಲೇ ಇಡೀ ವಿಷಯ ಇದೆ. ರೂಪವನ್ನು ಕಣ್ಣು ನೋಡುತ್ತದೆ. ಆ ಕಣ್ಣನ್ನು ಮನಸ್ಸು ತಿಳಿಯುತ್ತದೆ. ಮನಸ್ಸಿನಲ್ಲಿ ಏಳುವ ವೃತ್ತಿಗಳನ್ನು, ಅಂದರೆ ಯೋಚನೆ ಭಾವನೆಗಳನ್ನು, ಸಾಕ್ಷಿ ಅನ್ನುವ ಒಳಗಿನ ಅರಿವು ತಿಳಿಯುತ್ತದೆ. ಆ ಸಾಕ್ಷಿಯನ್ನು ಮಾತ್ರ ಬೇರೆ ಯಾವುದೂ ನೋಡಲಾರದು.

ಇದನ್ನು ಓದುತ್ತಿದ್ದ ದಿನಗಳಲ್ಲಿ ಅತ್ತೆಗೆ ಕಣ್ಣಿನ ಪೊರೆ ಬೆಳೆದಿತ್ತು. ನಾನು ಮನೆಯಲ್ಲಿ ಜೋರಾಗಿ ಓದುವುದು ಅವರ ಕಿವಿಗೂ ಬೀಳುತ್ತಿತ್ತು. ಮೂರನೇ ಶ್ಲೋಕದಲ್ಲಿ ಕಣ್ಣಿನ ಕುರುಡು, ಮಂದ, ಚುರುಕು ಎಲ್ಲವನ್ನೂ ಮನಸ್ಸು ಒಂದೇ ಆಗಿದ್ದುಕೊಂಡು ತಿಳಿಯುತ್ತದೆ ಅಂತ ಬರುತ್ತದೆ. ಅರ್ಥ ಹೇಳುವಷ್ಟರಲ್ಲಿ ಅತ್ತೆ ಅಂದರು, ‘ಹೌದು ಮಾರಾಯ್ತಿ, ಕಣ್ಣು ಮಂಜಾಗಿದೆ ಅಂತ ನಂಗೆ ಸ್ಪಷ್ಟವಾಗಿ ಗೊತ್ತಾಗ್ತದಲ್ಲ, ಆ ಗೊತ್ತಾಗೋದೇನೂ ಮಂಜಾಗಿಲ್ಲ.’ ಅತ್ತೆ ಓದಿದ್ದು ಪ್ರೈಮರಿ ಶಾಲೆ. ಇಷ್ಟು ನೇರವಾದ ವಿವರಣೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಮುಂದಿನ ವಾರ ಜಗುಲಿಯಲ್ಲಿ ಇದನ್ನು ಹೇಳಿದಾಗ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, ಇವತ್ತು ಇಷ್ಟೇ ಸಾಕು ಅಂದುಬಿಟ್ಟರು.

ಅಭ್ಯಾಸ ನಾನು ಮಾಡುವುದು ಹೀಗೆ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಸುಲಿಯುವ ಕೆಲಸ ಇರುತ್ತದೆ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಕೈ ಅದರ ಪಾಡಿಗೆ ಓಡುತ್ತಿರುತ್ತದೆ, ಮನಸ್ಸು ಅದರ ಪಾಡಿಗೆ. ಯಾರೋ ಅಂದ ಮಾತು, ಮಗಳ ಫೀಸು, ಅಡಿಕೆ ರೇಟು ಏನಾಗುತ್ತದೋ ಅನ್ನುವ ಚಿಂತೆ. ಒಂದೊಂದು ಎದ್ದಾಗಲೂ ‘ಇದೂ ಗೊತ್ತಾಗುತ್ತಿದೆ’ ಅಂತ ಗುರುತಿಸುತ್ತೇನೆ, ಅಷ್ಟೇ. ಓಡಿಸಲು ಹೋಗುವುದಿಲ್ಲ, ಅದರ ಹಿಂದೆ ಹೋಗಿ ಮಾತು ಬೆಳೆಸುವುದೂ ಇಲ್ಲ. ಕೋಪ ಬಂದರೆ, ಕೋಪ ಗೊತ್ತಾಗುತ್ತಿದೆ. ಬೇಜಾರು ಬಂದರೆ, ಅದೂ ಗೊತ್ತಾಗುತ್ತಿದೆ. ಹಾಗೆ ನನಗೆ ಗೊತ್ತಾಗುವಂಥದ್ದು ನಾನಾಗಿರಲಾರದು, ಯಾಕೆಂದರೆ ಅದು ಬಂತು, ಇತ್ತು, ಹೋಯಿತು, ಈ ಮೂರನ್ನೂ ಹೇಳಲು ನಾನಿದ್ದೇನೆ. ಬೆಳಿಗ್ಗೆ ದೇವರ ಮುಂದೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಇದನ್ನೇ ಮಾಡುತ್ತೇನೆ. ಧ್ಯಾನ ಅಂದರೆ ಯೋಚನೆ ನಿಂತುಹೋಗಬೇಕು ಅಂತ ಹಟ ಹಿಡಿದು ಸೋತು ಬಿಟ್ಟವರನ್ನು ತುಂಬಾ ನೋಡಿದ್ದೇನೆ. ಗೀತೆಯ ಆರನೇ ಅಧ್ಯಾಯದಲ್ಲಿ ಕೃಷ್ಣನೇ ಮನಸ್ಸು ಚಂಚಲ ಅಂತ ಒಪ್ಪಿಕೊಂಡು, ಅದು ಎಲ್ಲೆಲ್ಲಿ ಹೊರಗೆ ಹೋಗುತ್ತದೋ ಅಲ್ಲಲ್ಲಿಂದ ಮರಳಿ ತಾ ಅನ್ನುತ್ತಾನೆ. ಮರಳಿ ತರುವುದೇ ಕೆಲಸ.

ಇದರಿಂದ ಏನಾಯಿತು ಅಂತ ಕೇಳುತ್ತಾರೆ. ಒಂದು ವರ್ಷ ಮಳೆ ಬಿಡಲೇ ಇಲ್ಲ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಬಿಸಿಲೇ ಸಿಗಲಿಲ್ಲ, ಕೊಳೆರೋಗ ಬಂದು ಕಾಯಿ ಉದುರಿ ತೋಟದ ತುಂಬಾ ಬಿದ್ದಿತ್ತು. ನನಗೆ ಅಳು ಬಂತು, ಚೆನ್ನಾಗಿಯೇ ಅತ್ತುಬಿಟ್ಟೆ. ವೇದಾಂತ ಓದಿದವರು ಅಳಬಾರದು ಅಂತೇನಿಲ್ಲ. ಆದರೆ ಅಳುತ್ತಿರುವಾಗಲೂ ಆ ದುಃಖ ಎದುರಿಗೆ ಕಾಣುತ್ತಿತ್ತು. ಹಿಂದೆಲ್ಲ ಇಂಥ ನಷ್ಟ ಆದರೆ ತಿಂಗಳುಗಟ್ಟಲೆ ಮನೆಯವರ ಮೇಲೆ ರೇಗುತ್ತಿದ್ದೆ. ಆ ಸಲ ಸಂಜೆ ಹೊತ್ತಿಗೆ ಎದ್ದು ಒಲೆ ಹಚ್ಚಿದೆ, ಯಜಮಾನರ ಹತ್ತಿರ ಸಾಲದ ವಿಷಯ ಕೂತು ಮಾತಾಡಿದೆ. ವ್ಯತ್ಯಾಸ ಅಂದರೆ ಅಷ್ಟು. ನನಗೆ ಅದು ದೊಡ್ಡದು.

ನಂತರ ಮಾಂಡೂಕ್ಯ. ಉಪನಿಷತ್ತಿನಲ್ಲಿ ಇರುವುದು 12 ಮಂತ್ರ, ಅದರ ಮೇಲೆ ಗೌಡಪಾದರ ಕಾರಿಕೆಗಳು, ಅಂದರೆ ವಿವರಣೆಯ ಶ್ಲೋಕಗಳು, 215. ನಾವು ಓದಿದ್ದು ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ಕನ್ನಡ ಪುಸ್ತಕ. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು 1920ರಲ್ಲಿ ಈ ಸಂಸ್ಥೆ ಶುರು ಮಾಡಿದರು. ಸನ್ಯಾಸಕ್ಕೆ ಮೊದಲು ಅವರೂ ಮೇಷ್ಟ್ರಾಗಿದ್ದವರು. ಶಂಕರಾಚಾರ್ಯರ ವ್ಯಾಖ್ಯಾನಗಳಾದ ಶಂಕರಭಾಷ್ಯಗಳನ್ನು ಅವರು ಕನ್ನಡಕ್ಕೆ ತಂದಿರದಿದ್ದರೆ ನಮ್ಮಂಥವರು ಭಾಷ್ಯದ ಹತ್ತಿರ ಸುಳಿಯುವುದೂ ಕಷ್ಟವಿತ್ತು. ಅವರ ಋಣ ದೊಡ್ಡದು.

ಮಾಂಡೂಕ್ಯದ ವಿಶೇಷ ಏನೆಂದರೆ ಹೊಸ ಅನುಭವ ಏನನ್ನೂ ಅದು ಕೇಳುವುದಿಲ್ಲ. ಎಚ್ಚರ, ಕನಸು, ಗಾಢ ನಿದ್ದೆ, ಇವು ಎಲ್ಲರಿಗೂ ದಿನಾ ಆಗುವಂಥವು. ಅವನ್ನೇ ವಿಚಾರ ಮಾಡು ಅನ್ನುತ್ತದೆ. ಎಚ್ಚರದ ಮನೆ, ಗಂಡ, ಮಕ್ಕಳು ಕನಸಿಗೆ ಬರುವುದಿಲ್ಲ, ಬಂದರೂ ಅವರೇ ಅಲ್ಲ. ನಿದ್ದೆಯಲ್ಲಿ ಎರಡೂ ಇಲ್ಲ. ಆದರೂ ‘ಚೆನ್ನಾಗಿ ನಿದ್ದೆ ಬಂತು’ ಅಂತ ಬೆಳಿಗ್ಗೆ ಎದ್ದು ಹೇಳುತ್ತೇವಲ್ಲ, ಅಂದರೆ ನಿದ್ದೆಯಲ್ಲೂ ನಾವು ಇದ್ದೆವು. ನಮ್ಮ ಗುಂಪಿನಲ್ಲಿ ಅತ್ಯಂತ ಜಾಸ್ತಿ ಚರ್ಚೆ ಆದದ್ದು ಇಲ್ಲೇ. ನಿದ್ದೆಯಲ್ಲಿ ಅವಿದ್ಯೆ, ಅಂದರೆ ಅಜ್ಞಾನ, ಬೀಜರೂಪದಲ್ಲಿ ಇದ್ದೇ ಇರುತ್ತದೆ ಅಂತ ಒಬ್ಬರು, ಅವರು ಶೃಂಗೇರಿ ಕಡೆಯ ಪಾಠ ಕೇಳಿ ಬೆಳೆದವರು. ಒಂದನ್ನು ಇನ್ನೊಂದು ಅಂತ ತಿಳಿಯುವ ಅಧ್ಯಾಸವೇ ಅವಿದ್ಯೆ, ಅದರ ಹಿಂದೆ ಮೂಲಾವಿದ್ಯೆ ಅಂತ ಬೇರೊಂದು ವಸ್ತು ಇಲ್ಲ ಅಂತ ಮೇಷ್ಟ್ರು. ಇದು ಹೊಳೆನರಸೀಪುರದ ಸ್ವಾಮಿಗಳ ನಿಲುವು, ಆ ಕಾಲದಲ್ಲಿ ಪಂಡಿತರ ನಡುವೆ ದೊಡ್ಡ ವಾದವಾಗಿದ್ದ ವಿಷಯ. ನನಗೆ ಮೇಷ್ಟ್ರ ಮಾತು ಭಾಷ್ಯಕ್ಕೆ ಹತ್ತಿರ ಅನ್ನಿಸುತ್ತದೆ. ಹಾಗಂತ ಇನ್ನೊಬ್ಬರು ಗುಂಪು ಬಿಟ್ಟು ಹೋಗಲಿಲ್ಲ, ಈಗಲೂ ನಮ್ಮ ಜೊತೆಗೇ ಓದುತ್ತಾರೆ. ವಾದ ಮಾಡಿದಷ್ಟೂ ಇಬ್ಬರೂ ಹೋಗಿ ಮೂಲವನ್ನು ಮತ್ತೆ ನೋಡಬೇಕಾಯಿತು, ಕೇಳುತ್ತಿದ್ದ ನಮಗೆಲ್ಲ ಅದರಿಂದ ಲಾಭವೇ ಆಯಿತು. ಮನನ ಅಂದರೆ ಸುಮ್ನೆ ನೆನಪು ಮಾಡಿಕೊಳ್ಳುವುದಲ್ಲ. ಸಂಶಯವನ್ನು ಬಾಯಿಬಿಟ್ಟು ಕೇಳಿ, ತೀರುವವರೆಗೂ ಬಿಡದೆ ಇರುವುದು. ಅದಕ್ಕೆ ಜೊತೆ ಬೇಕು. ಒಬ್ಬರೇ ಓದಿದರೆ ಕಷ್ಟದ ಜಾಗವನ್ನು ಗೊತ್ತಿಲ್ಲದೆಯೇ ಹಾರಿಸಿಬಿಡುತ್ತೇವೆ.

ಶುರು ಮಾಡುವವರಿಗೆ ಇನ್ನೊಂದೆರಡು ಮಾತು. ಮೂಲ ಶ್ಲೋಕವನ್ನು ಬಾಯಿಪಾಠ ಮಾಡಿ, ಅರ್ಥ ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಕೊಟ್ಟಿಗೆಯಲ್ಲಿ ನಿಂತಾಗ ಅದು ತಾನಾಗಿ ನೆನಪಿಗೆ ಬಂದು ಕೆಲಸ ಮಾಡುತ್ತದೆ. ಸಂಶಯ ಬರೆದಿಡಲು ಒಂದು ನೋಟ್‌ಬುಕ್ ಇರಲಿ. ಪಾರಾಯಣ, ಪೂಜೆ, ವ್ರತ ಯಾವುದನ್ನೂ ಬಿಡಬೇಡಿ. ಶಂಕರರ ಭಾಷ್ಯ ಓದುತ್ತಾ ಹೋದರೆ ಕರ್ಮದಿಂದ ಚಿತ್ತಶುದ್ಧಿ, ಶುದ್ಧವಾದ ಚಿತ್ತದಲ್ಲಿ ಜ್ಞಾನ ಅನ್ನುವ ಕ್ರಮ ಮತ್ತೆ ಮತ್ತೆ ಬರುತ್ತದೆ. ಹೆಂಗಸರಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಅಂದರೆ ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿ ಬ್ರಾಹ್ಮಣ ಅನ್ನುವ ಭಾಗವನ್ನು ತೋರಿಸಿ.

ನಾವು ಈಗ ಓದುತ್ತಿರುವುದು ಅದನ್ನೇ. ಯಾಜ್ಞವಲ್ಕ್ಯ ಋಷಿ ಆಸ್ತಿ ಹಂಚಿ ಹೊರಡಲು ಸಿದ್ಧನಾದಾಗ, ಯಾವುದರಿಂದ ನಾನು ಅಮೃತಳಾಗುವುದಿಲ್ಲವೋ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ ಅಂತ ಕೇಳಿದ್ದು ಒಬ್ಬಳು ಹೆಂಡತಿ, ಮೈತ್ರೇಯಿ. ಆತ್ಮನನ್ನು ಕಾಣಬೇಕು, ಅದಕ್ಕೆ ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ ಮಾಡಬೇಕು, ಅಂದರೆ ತಿಳಿದದ್ದರಲ್ಲೇ ಮನಸ್ಸು ನಿಲ್ಲಿಸಬೇಕು ಅನ್ನುವ ಮಾತು ಅವಳಿಗೆ ಹೇಳಿದ್ದು. ಅದಕ್ಕೂ ಮೊದಲು, ಗಂಡನಿಗಾಗಿ ಗಂಡ ಪ್ರಿಯನಲ್ಲ, ಆತ್ಮಕ್ಕಾಗಿ ಪ್ರಿಯ ಅಂತ ಒಂದು ವಾಕ್ಯ ಬರುತ್ತದೆ. ಹಾಗಾದರೆ ಪ್ರೀತಿ ಎಲ್ಲ ಸ್ವಾರ್ಥವೇನು ಅಂತ ಪಕ್ಕದ ಮನೆಯ ಅಕ್ಕ ಕೇಳಿದರು. ಆ ‘ಆತ್ಮ’ ನಾವು ದಿನಾ ‘ನಾನು’ ಅನ್ನುವ ಈ ವ್ಯಕ್ತಿಯಲ್ಲ, ಗಂಡನಲ್ಲೂ ಹೆಂಡತಿಯಲ್ಲೂ ಒಂದೇ ಆಗಿರುವುದು ಅಂತ ಮೇಷ್ಟ್ರು ಹೇಳಿದರು. ಅಕ್ಕನಿಗೆ ಪೂರ್ತಿ ಸಮಾಧಾನ ಆಗಿಲ್ಲ, ನನಗೂ ಇನ್ನೂ ಕೇಳಬೇಕಾದ್ದಿದೆ. ಕೊಯ್ಲು ಶುರುವಾಗುವುದರೊಳಗೆ ಆ ಭಾಗದ ಭಾಷ್ಯ ಮುಗಿಸಬೇಕು ಅಂತ ಮಾತಾಗಿದೆ.