ಏಜೆಂಟ್ ಇಲ್ಲದೆ ಅಪ್ಪನ ಕೋವಿ ನನ್ನ ಹೆಸರಿಗೆ ಬಂತು

‘ಅಪ್ಪ ಇರುವಾಗಲೇ ಕೋವಿ ಮಗನ ಹೆಸರಿಗೆ ಆಗೋದಿಲ್ಲ ಮಾರಾಯ’ ಎಂದು ಚಿಕ್ಕಮಗಳೂರಿನ ಮಲ್ಲಂದೂರು ಕಡೆಯ ಅರ್ಧ ಊರು ಹೇಳಿತ್ತು. ಇನ್ನರ್ಧ ಊರು ಏಜೆಂಟ್ ನಂಬರ್ ಕೊಟ್ಟಿತ್ತು. ಏಜೆಂಟ್ ಕೇಳಿದ್ದು ನಲವತ್ತು ಸಾವಿರದ ಹತ್ತಿರ. ಈಗ ಲೈಸೆನ್ಸ್ ನನ್ನ ಹೆಸರಲ್ಲಿದೆ, ಯುಐಎನ್ ಅನ್ನೋ ಗುರುತಿನ ನಂಬರ್ ಸಮೇತ. ಏಜೆಂಟಿಗೆ ಒಂದು ಕಾಸೂ ಹೋಗಿಲ್ಲ. ಆಗ ನಕ್ಕವರೇ ಈಗ ಫೈಲ್ ನೋಡೋಕೆ ಮನೆಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಕಾಫಿ ಕೊಟ್ಟು ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ದಾರಿ ಇರೋದು 2016ರ ಆರ್ಮ್ಸ್ ರೂಲ್ಸ್‌ನ 25ನೇ ನಿಯಮದಲ್ಲಿ. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರಿಗೆ ಕೊಡಬಹುದು ಅನ್ನೋದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಯಾವುದು ಮೊದಲೋ ಆಗಲೇ ವಾರಸುದಾರರು ಅರ್ಜಿ ಹಾಕಬಹುದು. ಅಪ್ಪನಿಗೆ ಎರಡೂ ಯಾವತ್ತೋ ಆಗಿತ್ತು. ಕಣ್ಣು ಮಂಜು, ಮೊಣಕಾಲು ನೋವು. ಜೋಡುನಳಿಗೆ ಕೋವಿ ಬೀರುವಿನಲ್ಲಿ ಸುಮ್ನೆ ಕೂತಿತ್ತು. ಆನೆ ಬಂದ ರಾತ್ರಿ ಅದನ್ನು ನಾನು ಮುಟ್ಟುವಂತಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಹಿಡಿದರೆ ಆರ್ಮ್ಸ್ ಆಕ್ಟ್‌ಗೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ ಜೈಲು. ‘ಅಪ್ಪಂದೇ ತಾನೇ’ ಅನ್ನೋ ಮಾತು ಅಲ್ಲಿ ನಡೆಯಲ್ಲ.

ಅರ್ಜಿ ಎ-1 ಫಾರ್ಮ್‌ನಲ್ಲಿ. ಅದು ಸುಲಭ, ಸೈಬರ್ ಸೆಂಟರ್ ಹುಡುಗ ಕೂಡ ತುಂಬುತ್ತಾನೆ. ಕಷ್ಟ ಇರೋದು ಅದರ ಬಾಲದಲ್ಲಿ. ಮೊದಲ ಸಲ ಕಡತ ವಾಪಸ್ ಬಂದದ್ದು ಮೆಡಿಕಲ್ ಸರ್ಟಿಫಿಕೇಟಿಗೆ. ಡಾಕ್ಟರ್ ತಮ್ಮ ಲೆಟರ್‌ಹೆಡ್‌ನಲ್ಲಿ ‘ಆರೋಗ್ಯವಾಗಿದ್ದಾರೆ’ ಎಂದು ಚೆನ್ನಾಗಿ ಬರೆದಿದ್ದರು. ಆದರೆ ಬೇಕಿದ್ದದ್ದು ಎಸ್-3 ಫಾರ್ಮ್, ಅದರಲ್ಲಿ ದೇಹದ ಜೊತೆ ಮನಸ್ಸಿನ ಆರೋಗ್ಯವೂ ಇರಬೇಕು. ಎರಡನೇ ಸಲ ತರಬೇತಿಗೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ನಾನು ಮುಗಿಸಿದ್ದೆ, ಅದರ ಸರ್ಟಿಫಿಕೇಟ್ ಇಟ್ಟಿದ್ದೆ. ಅದು ಸಾಲದು, ಸುರಕ್ಷತಾ ತರಬೇತಿ ಎಸ್-1 ಫಾರ್ಮ್‌ನಲ್ಲೇ ಬೇಕು ಎಂದರು. ಬೆಂಗಳೂರಿಗೆ ಹೋಗಿ ಬಂದೆ. ಬಸ್ಸು, ಊಟ, ಫೀಸು ಸೇರಿ ಐದಾರು ಸಾವಿರ ಆಯಿತು. ಮಂಗಳೂರಿನಲ್ಲಿರುವ ಅಕ್ಕನಿಂದ ಒಪ್ಪಿಗೆ ಅಫಿಡವಿಟ್ಟೂ ಬೇಕಾಯಿತು. ಅಕ್ಕ ಸಹಿ ಹಾಕಿದಳು, ಆದರೆ ಅದಕ್ಕೆ ಮೊದಲು ಅಪ್ಪನ ಗಡಿಯಾರ ತನಗೆ ಬೇಕು ಎಂದು ಬರೆಸಿಕೊಂಡಳು.

ಮೂರನೇ ಸಲದ್ದು ಯಾವ ಏಜೆಂಟೂ ಹೇಳಿರಲಿಲ್ಲ. ನಮ್ಮ ತೋಟದಿಂದ ಭದ್ರಾ ಅಭಯಾರಣ್ಯದ ಗಡಿ ಹತ್ತು ಕಿಲೋಮೀಟರ್ ಒಳಗೇ ಇದೆ. 1972ರ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಂಥ ಜಾಗದಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ಹಳೆ ಕೋವಿ, ಅದೇ ಮನೆ, ಅದೇ ಗೋಡೆ. ಆದರೂ ನನಗೆ ಅದು ಹೊಸ ಲೈಸೆನ್ಸೇ. ಕಡತ ಒಂದು ಮೇಜಿನ ಮೇಲೆ ಇಡೀ ಮಳೆಗಾಲ ಮಲಗಿತ್ತು. ಯಾಕೆ ನಿಂತಿದೆ ಅಂತ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕಾಯ್ದೆ ಪುಸ್ತಕ ತಂದು ನಾನೇ ಓದಿ, ಅರಣ್ಯ ಇಲಾಖೆಗೆ ಪ್ರತ್ಯೇಕ ಅರ್ಜಿ ಕೊಟ್ಟೆ. ಜೊತೆಗೆ ಆನೆ ತುಳಿದ ಬಾಳೆ, ಕಾಫಿ ಗಿಡಕ್ಕೆ ಹಿಂದೆ ಪರಿಹಾರ ಕೇಳಿದ ಸ್ವೀಕೃತಿಗಳನ್ನೆಲ್ಲ ಇಟ್ಟೆ. ಅಪ್ಪ ಒಂದನ್ನೂ ಬಿಸಾಡಿರಲಿಲ್ಲ. ಅವೇ ಕೆಲಸ ಮಾಡಿದವು ಅಂತ ನನ್ನ ಲೆಕ್ಕ. ಆ ಅರ್ಜಿಗೆ ಹಾಕಿದ ಕವರಿಂಗ್ ಲೆಟರ್ ಹೇಗೆ ಬರೆದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಅದೇ ಸೆಕ್ಷನ್‌ನಲ್ಲಿ ಇನ್ನೊಂದಿದೆ. ಆ ಹತ್ತು ಕಿಲೋಮೀಟರ್ ಒಳಗಿದ್ದು ಕೋವಿ ಲೈಸೆನ್ಸ್ ಇರುವವರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ನಮ್ಮ ಕಡೆ ಎಷ್ಟು ಜನ ಮಾಡಿಸಿದ್ದಾರೆ ಕೇಳಿ ನೋಡಿ. ಹಾಗೇ ಅಭಯಾರಣ್ಯದ ಒಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಲೈಸೆನ್ಸ್ ಜೇಬಲ್ಲಿದ್ದರೂ ಅಷ್ಟೇ. ಭದ್ರಾದ ಮುತ್ತೋಡಿ ಗೇಟ್ ದಾಟುವಾಗ ಕಾರಲ್ಲಿ ಕೋವಿ ಇರಬಾರದು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಹಾಗಾಗಿ ಕೋವಿ ಜೊತೆಗಿದ್ದರೆ ನಾನು ಕಳಸದಿಂದ ಕುದುರೆಮುಖದ ರಸ್ತೆ ಹಿಡಿಯೋದೇ ಇಲ್ಲ. ಸುತ್ತು ಆದರೂ ಪರವಾಗಿಲ್ಲ.

ಮಧ್ಯದಲ್ಲಿ ಕೋವಿ ರಿಪೇರಿಗೂ ಹೋಯಿತು. ಬಲ ನಳಿಗೆಯ ಕುದುರೆ ಸಡಿಲ. ಲೈಸೆನ್ಸ್ ಇನ್ನೂ ಅಪ್ಪನ ಹೆಸರಲ್ಲಿ, ಅಪ್ಪನಿಗೆ ಘಾಟಿ ಇಳಿಯೋಕೆ ಆಗಲ್ಲ. ಆರ್ಮ್ಸ್ ಆಕ್ಟ್ 3ನೇ ಸೆಕ್ಷನ್‌ನಲ್ಲೇ ಇದಕ್ಕೆ ದಾರಿ ಇದೆ: ಲೈಸೆನ್ಸ್‌ದಾರರ ಲಿಖಿತ ಅಧಿಕಾರ ಪತ್ರ ಇದ್ದರೆ ರಿಪೇರಿಗೋ ನವೀಕರಣಕ್ಕೋ ಇನ್ನೊಬ್ಬರು ಒಯ್ಯಬಹುದು. ಅಪ್ಪನ ಕೈಯಲ್ಲೇ ಪತ್ರ ಬರೆಸಿದೆ. ಕೋವಿ ನಂಬರ್, ಹೋಗುವ ದಿನ, ಅಂಗಡಿ, ವಾಪಸ್ ಬರುವ ದಿನ ಎಲ್ಲ ಅದರಲ್ಲಿತ್ತು. ಚಾರ್ಮಾಡಿ ಕೆಳಗೆ ಒಂದು ಕಡೆ ನಿಲ್ಲಿಸಿದರು. ಪತ್ರ, ಲೈಸೆನ್ಸ್ ಪುಸ್ತಕ, ಚೀಲದೊಳಗೆ ಬಿಚ್ಚಿಟ್ಟ ಕೋವಿ ನೋಡಿ ಬಿಟ್ಟರು. ಇದನ್ನು ಓದಿ ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ರಾತ್ರಿ ಕಾವಲಿಗೆ ಕೋವಿ ಕೊಡಬೇಡಿ. ಅದು ಬೇರೆ ವಿಷಯ, ಅದಕ್ಕೆ ಲೈಸೆನ್ಸ್‌ನಲ್ಲಿ ಅವನ ಹೆಸರೇ ಸೇರಬೇಕು.

ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸುವ ಡಿಪಾಸಿಟ್ ಇದ್ದೇ ಇದೆ. ಕೊಡಗಿನವರ ಹಾಗೆ ನಮಗೆ ವಿನಾಯಿತಿ ಇಲ್ಲ. 2023ರ ವಿಧಾನಸಭೆಗೆ ಒಂದು ಸಲ, 2024ರ ಲೋಕಸಭೆಗೆ ಮತ್ತೊಂದು ಸಲ. ಆಗಿನ್ನೂ ಅಪ್ಪನ ಹೆಸರೇ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ, ಫಲಿತಾಂಶ ಜೂನ್ 4ಕ್ಕೆ. ಸರಿಯಾಗಿ ಹಲಸು ಹಣ್ಣಾಗುವ ಹೊತ್ತು, ಆನೆ ತೋಟದೊಳಗೆ, ಕೋವಿ ಬೀಗದೊಳಗೆ. ಬೆಳೆ ರಕ್ಷಣೆಗೆ ಬೇಕು ಎಂದು, ಡಿಪಾಸಿಟ್‌ನಿಂದ ಯಾರಿಗೆ ವಿನಾಯಿತಿ ಅಂತ ನೋಡುವ ಸ್ಕ್ರೀನಿಂಗ್ ಕಮಿಟಿಗೆ ಎರಡು ಸಲವೂ ಅರ್ಜಿ ಕೊಟ್ಟೆವು. ಎರಡು ಸಲವೂ ಆಗಲಿಲ್ಲ. ಮೊದಲ ಸಲ ವಾಪಸ್ ಸಿಕ್ಕಾಗ ನಳಿಗೆ ಒಳಗೆ ಕೆಂಪು ತುಕ್ಕು. ಎರಡನೇ ಸಲ ಡಿಪಾಸಿಟ್ ಮಾಡಿದ್ದು ಲೈಸೆನ್ಸ್ ಇರುವ ಗನ್ ಅಂಗಡಿಯಲ್ಲಿ. ಕಾನೂನು ಅದಕ್ಕೂ ಒಪ್ಪುತ್ತದೆ. ತಿಂಗಳಿಗೆ ಕೆಲವು ನೂರು ಬಾಡಿಗೆ, ಆದರೆ ಎಣ್ಣೆ ಹಚ್ಚಿ ಇಟ್ಟಿದ್ದರು. ರಸೀದಿಯಲ್ಲಿ ಕೋವಿ ನಂಬರ್ ಜೊತೆ ‘ತುಕ್ಕು ಇಲ್ಲ, ಬೆಲ್ಟ್ ಇದೆ’ ಎಂದೂ ಬರೆಸಿ, ಫೋಟೋ ತೆಗೆದುಕೊಳ್ಳಿ. ರಸೀದಿಯ ಒಂದು ಪ್ರತಿ ಠಾಣೆಗೆ.

ತುಕ್ಕಿನ ವಿಷಯ ಬಂತಲ್ಲ, ಒಂದು ಮಳೆಗಾಲ ಪೂರ್ತಿ ಅದರದ್ದೇ ಪ್ರಯೋಗ ಮಾಡಿದೆ. ಹಳೆ ಕಬ್ಬಿಣದ ಪೈಪ್ ತುಂಡುಗಳನ್ನು ಬೀರುವಿನಲ್ಲಿ ಸಾಲಾಗಿಟ್ಟು ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿದೆ. ಕೊಬ್ಬರಿ ಎಣ್ಣೆ ಆಗಸ್ಟ್ ಹೊತ್ತಿಗೆ ಬೆಲ್ಲದ ಪಾಕದ ಹಾಗೆ ಅಂಟಾಯಿತು. ಸೀಮೆಎಣ್ಣೆ ಒಂದು ವಾರಕ್ಕೆ ಆರಿ ಕೆಳಗೆ ತುಕ್ಕು ಶುರು. ಹೊಲಿಗೆ ಮಷಿನ್ ಎಣ್ಣೆ ಪರವಾಗಿಲ್ಲ. ಗೆದ್ದದ್ದು ಎರಡು ಎಣ್ಣೆ ಬೆರೆಸಿದ ನನ್ನದೇ ಮಿಶ್ರಣ, ಅದರ ಅಳತೆ ನನ್ನ ಹತ್ತಿರವೇ ಇರಲಿ. ಕರ್ಪೂರ ಇಡಿ ಅಂತ ಹೇಳುವವರಿದ್ದಾರೆ, ಅದರಿಂದ ಬೀರು ದೇವರ ಮನೆ ವಾಸನೆ ಬಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬೀರುವಿಗೇ ಹದಿನಾಲ್ಕು ಸಾವಿರದ ಹತ್ತಿರ ಆಯಿತು, ಗೋಡೆಗೆ ಬೋಲ್ಟ್ ಹಾಕಿಸಿದ್ದೂ ಸೇರಿ. ತೋಟಾಗಳಿಗೆ (ಕೋವಿಗೆ ಹಾಕುವ ಕಾರ್ಟ್ರಿಜ್) ಬೇರೆ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೋಣೆ.

ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಬೆಂಗಳೂರು ಕಡೆಯ ಶೂಟಿಂಗ್ ರೇಂಜಿಗೆ ಗುರಿ ಅಭ್ಯಾಸಕ್ಕೆ ಹೋದದ್ದು. ತೋಟದಲ್ಲಿ ಗುರಿ ಅಭ್ಯಾಸ ಬೇಡ. ಮದುವೆ, ಜಾತ್ರೆಗೆ ಗಾಳಿಗೆ ಗುಂಡು ಹಾರಿಸಿ ಯಾರಿಗಾದರೂ ಅಪಾಯ ಮಾಡುವವರಿಗೆ 2019ರಿಂದ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹೊರಡುವ ಮೊದಲು ಲೈಸೆನ್ಸ್ ಪುಸ್ತಕದಲ್ಲಿ ‘ಕರ್ನಾಟಕ ರಾಜ್ಯ’ ಎಂದಿದೆಯೋ ಬರೀ ‘ಜಿಲ್ಲೆ’ ಎಂದಿದೆಯೋ ನೋಡಿಕೊಳ್ಳಿ. ಜಿಲ್ಲೆ ಎಂದಿದ್ದರೆ ಕಡೂರು ದಾಟಿ ಅರಸೀಕೆರೆ ಕಡೆ ಹೋಗುತ್ತಿದ್ದ ಹಾಗೇ ನೀವು ಲೈಸೆನ್ಸ್ ಇಲ್ಲದವರು.

ರೇಂಜಿನಲ್ಲಿ ಒಬ್ಬ ಹಿರಿಯರು ಕೋವಿ ಮಡಚಿ, ತೋಟಾ ಕೂರುವ ಚೇಂಬರ್ ಅಳೆದು, ‘ಇದು 65 ಮಿಲಿಮೀಟರ್, 70ರ ತೋಟಾ ಹಾಕಬೇಡಿ’ ಎಂದರು. ಹಾಕುವಾಗ 70ರದ್ದೂ ಸಲೀಸಾಗಿ ಒಳಗೆ ಹೋಗುತ್ತದೆ. ತೋಟಾದ ಅಳತೆ ಹೇಳೋದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದವನ್ನು. ಬಾಯಿ ಬಿಚ್ಚಲು ಜಾಗ ಇಲ್ಲದಿದ್ದರೆ ಒತ್ತಡ ಏರುತ್ತದೆ. ಅಪ್ಪನ ಡಬ್ಬಿಯಲ್ಲಿ ಎರಡೂ ಕಲಸಿಹೋಗಿದ್ದವು. ಅಲ್ಲೇ ಬೇರೆ ಮಾಡಿಸಿದೆ. ಆಮೇಲೆ ಮೂವತ್ತು ಗಜದಲ್ಲಿ ದೊಡ್ಡ ಹಾಳೆ ಕಟ್ಟಿ ಎರಡೂ ನಳಿಗೆಯಿಂದ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹೇಗೆ ಹರಡುತ್ತದೆ ನೋಡಿದೆ. ಎಡ ನಳಿಗೆ ಬಿಗಿ. ಬಲದ್ದು ಹಾಳೆಯ ಹೊರಗೂ ಚೆಲ್ಲಿತು. ಒಂದು ತೋಟಾಕ್ಕೆ ನೂರರ ಆಸುಪಾಸು, ಹಾಗಾಗಿ ಜಾಸ್ತಿ ಆಟ ಆಡಲಿಲ್ಲ. ಖಾಲಿ ತೋಟಾ ಎಲ್ಲ ವಾಪಸ್ ತಂದು ಲೆಕ್ಕದ ಪುಸ್ತಕದಲ್ಲಿ ಬರೆದೆ: ಕೊಂಡದ್ದು, ಹಾರಿಸಿದ್ದು, ಉಳಿದದ್ದು. ಯಾರೂ ಕೇಳದಿದ್ದರೂ ಬರೆಯುತ್ತೇನೆ.

ಮಗನಿಗೆ ಇನ್ನೂ ಹದಿನಾಲ್ಕು. ಅವನಿಗೆ 4.5 ಮಿಲಿಮೀಟರ್ ಏರ್ ರೈಫಲ್ ಕೊಡಿಸಿದ್ದೇನೆ. 20 ಜೂಲ್ ಒಳಗಿನದ್ದಕ್ಕೆ ಲೈಸೆನ್ಸ್ ಬೇಡ. 10 ಮೀಟರ್ ಗುರಿಹಾಳೆಯಲ್ಲಿ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಅವನು ನನಗಿಂತ ಚೆನ್ನಾಗಿ ಹೊಡೆಯುತ್ತಾನೆ. ಮಂಗಕ್ಕೆ ಹೊಡೆದರೆ ರೈಫಲ್ ವಾಪಸ್ ಅಂತ ಮೊದಲ ದಿನವೇ ಹೇಳಿದ್ದೇನೆ.

ಒಟ್ಟು ಖರ್ಚು ಬೀರು, ರಿಪೇರಿ, ಓಡಾಟ, ಸರ್ಕಾರಿ ಫೀಸು ಎಲ್ಲ ಸೇರಿ ಮೂವತ್ತು ಸಾವಿರದೊಳಗೆ. ಬೀರು ಬಿಟ್ಟರೆ ಅರ್ಧವೂ ಇಲ್ಲ. ಅಜ್ಜನ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆ ಬಗೆ) ಇನ್ನೂ ಅಪ್ಪನ ಹೆಸರಲ್ಲೇ ಇದೆ. ಒಬ್ಬರಿಗೆ ಎರಡೇ ಕೋವಿ ಅನ್ನೋ ಲೆಕ್ಕಕ್ಕೆ ಪಿತ್ರಾರ್ಜಿತದ್ದೂ ಸೇರುತ್ತದೆ, ನನಗೆ ಒಂದರ ಜಾಗ ಉಳಿದಿದೆ. ಅದರ ಅರ್ಜಿ ಈ ಸಲ ಕೊಯ್ಲು ಮುಗಿದ ಮೇಲೆ, ಅರಣ್ಯ ಇಲಾಖೆಯ ಪತ್ರ ಮೊದಲೇ ಕೈಯಲ್ಲಿ ಹಿಡಿದುಕೊಂಡು. ನವೀಕರಣ ಇರುವವರು ಮುಗಿಯುವ 60 ದಿನ ಮೊದಲೇ ಎ-3 ಫಾರ್ಮ್ ಹಾಕಿ, ಈಗ ಅವಧಿ 5 ವರ್ಷ ಅಂತ ಮೈಮರೆಯಬೇಡಿ. ಫೈಲ್ ನೋಡಬೇಕಿದ್ದವರು ಭಾನುವಾರ ಬನ್ನಿ, ಆದರೆ ಕೋವಿ ಮನೆಯಲ್ಲೇ ಬಿಟ್ಟು ಬನ್ನಿ.