ಸೈನಿಕರ ಕಾಲಡಿಯ ಆರು ಅಕ್ಷರಗಳು

ನನ್ನ ಬಳಿ ಇರುವ ಒಂದು ಕಂಚಿನ ನಾಣ್ಯದ ಚೀಟಿಯಲ್ಲಿ ವರ್ಷಪೂರ್ತಿ ‘ಮಹಾ ಕಾನ್‌ಸ್ಟಂಟೈನ್, ಕಾನ್‌ಸ್ಟಾಂಟಿನೋಪಲ್’ ಎಂದು ಬರೆದಿತ್ತು. ರಾಜನೂ ತಪ್ಪು, ಊರೂ ತಪ್ಪು. ಆ ತಪ್ಪನ್ನು ತಿದ್ದುವಾಗ ಕಲಿತದ್ದೇ ನನಗೆ ಈಗಲೂ ಜಾಸ್ತಿ ಉಪಯೋಗಕ್ಕೆ ಬರುತ್ತಿದೆ.

ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದ ಮೇಲೆ ಈ ಹವ್ಯಾಸ ಹತ್ತಿತು. ನಾಲ್ಕನೇ ಶತಮಾನದ ರೋಮನ್ ನಾಣ್ಯಗಳನ್ನು ಲೆಕ್ಕವಿಲ್ಲದಷ್ಟು ಟಂಕಿಸಿದ್ದರು. ಹಾಗಾಗಿ ಮಣ್ಣು ಮೆತ್ತಿದ, ತೊಳೆಯದ ನಾಣ್ಯಗಳು ಇಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮೊದಲ ಸಲ ಇಪ್ಪತ್ತು ನಾಣ್ಯ ಕೊಂಡೆ. ಎಲ್ಲಿ ಸಿಕ್ಕವು ಎಂದು ಕೇಳಲಿಲ್ಲ. ಕೇಳಬೇಕಿತ್ತು. ಬಾಲ್ಕನ್ ದೇಶಗಳಲ್ಲಿ ಕದ್ದು ಅಗೆದು ಸಾಗಿಸಿದ ನಾಣ್ಯಗಳೂ ಇಂಥ ಚೀಲಗಳಲ್ಲಿ ಬರುತ್ತವೆ. ಅಗೆದ ಜಾಗದ ಕಥೆ ಆಮೇಲೆ ಯಾರಿಗೂ ಸಿಗುವುದಿಲ್ಲ. ಈಗ ಹಳೆಯ ಸಂಗ್ರಹದ ಕಾಗದ ಇದ್ದರೆ, ಇಲ್ಲವೇ ಸಿಕ್ಕ ಜಾಗ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಇಲ್ಲಿನ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಾಗಿದ್ದರೆ ಮಾತ್ರ ಕೊಳ್ಳುತ್ತೇನೆ.

ತೊಳೆಯುವ ವಿಷಯದಲ್ಲಿ ಒಂದು ನಾಣ್ಯ ಕಳೆದುಕೊಂಡೆ. ಊರಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆವು. ಅದೇ ಅಭ್ಯಾಸದಲ್ಲಿ ಒಂದು ನಾಣ್ಯಕ್ಕೂ ಹುಣಸೆಹಣ್ಣು ಹಚ್ಚಿಬಿಟ್ಟೆ. ಹಸಿರು ಹೋಯಿತು, ಜೊತೆಗೆ ಅಕ್ಷರಗಳೂ ಹೋದವು. ಉಳಿದದ್ದು ಒಂದು ಕೆಂಪು ಬಿಲ್ಲೆ. ಸಾವಿರದ ಆರುನೂರು ವರ್ಷ ಮಣ್ಣಲ್ಲಿದ್ದ ಕಂಚಿನ ಮೇಲ್ಮೈ ಲೋಹವಾಗಿ ಉಳಿದಿರುವುದಿಲ್ಲ. ಅದೇ ಹಸಿರೋ ಕಂದೋ ಬಣ್ಣದ ಗಟ್ಟಿ ಪದರವಾಗಿರುತ್ತದೆ. ರಾಜನ ಮೂಗು, ಕಣ್ಣು, ಹೆಸರು ಎಲ್ಲ ಇರುವುದು ಆ ಪದರದಲ್ಲಿ. ಹುಳಿ ಅದನ್ನೇ ತಿನ್ನುತ್ತದೆ. ನಿಂಬೆ, ವಿನೆಗರ್ ಕೂಡ ಅಷ್ಟೇ.

ಈಗ ನಾನು ಮಾಡುವುದು ಇಷ್ಟು. ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕುತ್ತೇನೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಅದು ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುತ್ತೇನೆ. ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ. ಆಮೇಲೆ ಮೆತ್ತನೆಯ ಬ್ರಷ್, ಭೂತಗನ್ನಡಿಯ ಕೆಳಗೆ ಟೂತ್‌ಪಿಕ್. ಸೂಜಿಯಿಂದ ಕೆರೆದರೆ ಗೀರು ಬೀಳುತ್ತದೆ. ಎಲ್ಲಾದರೂ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಎಚ್ಚರ. ಅದು ಮಾಮೂಲಿ ಕಿಲುಬಲ್ಲ. ಕ್ಲೋರೈಡ್ ಮತ್ತು ಗಾಳಿಯ ತೇವ ಸೇರಿ ಲೋಹವನ್ನು ಒಳಗಿಂದ ತಿನ್ನುತ್ತಿರುತ್ತವೆ. ಅಂಥದ್ದನ್ನು ಬೇರೆ ಇಡುತ್ತೇನೆ. ಉಳಿದವಕ್ಕೂ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇದ್ದೇ ಇರುತ್ತದೆ.

ಇನ್ನು ಗುರುತಿಸುವುದು. ಎಲ್ಲರೂ ಮೊದಲು ನೋಡುವುದು ಮುಖವನ್ನು, ಅಲ್ವಾ? ನಾನೂ ಹಾಗೇ ಮಾಡಿದೆ. ಆದರೆ ಈ ಕಾಲದ ಟಂಕಸಾಲೆಗಳಲ್ಲಿ ಮಹಾ ಕಾನ್‌ಸ್ಟಂಟೈನ್, ಅವನ ಮಕ್ಕಳು ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಮುಖ. ಹೆಸರುಗಳಂತೂ ಕಾನ್‌ಸ್ಟಾಂಟಿನುಸ್, ಕಾನ್‌ಸ್ಟಾಂಟಿಯುಸ್, ಕಾನ್‌ಸ್ಟಾನ್ಸ್. ಮಧ್ಯದ ಎರಡಕ್ಷರ ಸವೆದರೆ ಯಾರೆಂದು ಹೇಳಲಾಗದು. ಅದಕ್ಕೇ ನಾನೀಗ ಹಿಂಬದಿಯಿಂದ ಶುರು ಮಾಡುತ್ತೇನೆ.

ಹಿಂಬದಿಯ ಚಿತ್ರದಲ್ಲೇ ಕಾಲ ಇರುತ್ತದೆ. ಕೋಟೆಯ ಬಾಗಿಲು, ಮೇಲೆ ನಕ್ಷತ್ರ ಇದ್ದರೆ ಸಾಮಾನ್ಯವಾಗಿ 320ರ ದಶಕ. ಎರಡು ಮಕ್ಕಳಿಗೆ ಹಾಲೂಡುವ ತೋಳ ಇದ್ದರೆ ಸಾಮಾನ್ಯವಾಗಿ 330ರ ನಂತರದ್ದು. ಕುದುರೆಯಿಂದ ಬಿದ್ದವನನ್ನು ಸೈನಿಕ ಈಟಿಯಿಂದ ಇರಿಯುತ್ತಿದ್ದರೆ 348ರಲ್ಲಿ ಶುರುವಾದ ‘ಫೆಲ್ ಟೆಂಪ್ ರೆಪರಾಟಿಯೋ’ ಸರಣಿ, ಅಂದರೆ ಒಳ್ಳೆಯ ಕಾಲ ಮರಳಿತು ಎಂಬ ಘೋಷಣೆ. ನನಗೆ ಅಚ್ಚುಮೆಚ್ಚಿನದು ‘ಗ್ಲೋರಿಯಾ ಎಕ್ಸೆರ್ಕಿಟುಸ್’, ಸೇನೆಯ ಕೀರ್ತಿ. ಇಬ್ಬರು ಸೈನಿಕರು, ನಡುವೆ ಧ್ವಜಸ್ತಂಭ. ಸ್ತಂಭ ಎರಡಿದ್ದರೆ 330ರಿಂದ 335. ಒಂದೇ ಇದ್ದರೆ ಅದರ ನಂತರ. ನಾಣ್ಯದ ತೂಕವೂ ಸುಮಾರು ಎರಡೂವರೆ ಗ್ರಾಮಿನಿಂದ ಒಂದೂವರೆ ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಲೋಹ ಉಳಿಸಲು ನಾಣ್ಯ ಚಿಕ್ಕದಾಯಿತು, ಚಿತ್ರದಿಂದ ಒಂದು ಸ್ತಂಭವೂ ಹೋಯಿತು. ಹಾಗಾಗಿ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಸೈನಿಕರ ಕಾಲಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಟಂಕಸಾಲೆಯ ಗುರುತು. ಟಿ-ಆರ್ ಇದ್ದರೆ ಇಂದಿನ ಜರ್ಮನಿಯ ಟ್ರಿಯರ್. ಎಸ್-ಐ-ಎಸ್ ಇದ್ದರೆ ಸಿಸ್ಕಿಯಾ, ಇಂದಿನ ಕ್ರೊಯೇಷಿಯಾದ ಸಿಸಾಕ್. ಎಸ್-ಎಂ-ಕೆ ಇದ್ದರೆ ಇಂದಿನ ಟರ್ಕಿಯಲ್ಲಿದ್ದ ಸಿಜಿಕಸ್. ನನ್ನ ನಾಣ್ಯದಲ್ಲಿ ಪಿ-ಸಿ-ಓ-ಎನ್-ಎಸ್-ಟಿ ಎಂದಿತ್ತು. ‘ಕಾನ್‌ಸ್ಟ್’ ಅಂದ ಮೇಲೆ ಇನ್ಯಾವ ಊರು ಎಂದುಕೊಂಡೆ. ಮುಂದಿನ ‘ಪಿ’ ಯಾಕಿದೆ ಎಂದು ಕೇಳಿಕೊಳ್ಳಲೇ ಇಲ್ಲ.

ಆ ‘ಪಿ’ ಅಂದರೆ ಪ್ರೀಮಾ, ಮೊದಲ ಕಾರ್ಯಾಗಾರ. ಲ್ಯಾಟಿನ್ ಲೆಕ್ಕ, ಪಶ್ಚಿಮದ ಪದ್ಧತಿ. ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ಪೂರ್ವದ ಊರು. ಅಲ್ಲಿ ‘ಕಾನ್ಸ್’ ಆದ ಮೇಲೆ ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರ ಕೊನೆಗೆ ಬರುತ್ತದೆ. ಹಾಗಾದರೆ ಪಶ್ಚಿಮದ ‘ಕಾನ್‌ಸ್ಟ್’ ಯಾವುದು? ಫ್ರಾನ್ಸಿನ ದಕ್ಷಿಣದ ಆರ್ಲ್. 328ರಲ್ಲಿ ಆ ಊರಿಗೆ ಕಾನ್‌ಸ್ಟಾಂಟಿನಾ ಎಂದು ಹೆಸರಿಟ್ಟರು. ಅದು ಗೊತ್ತಾದ ದಿನ ಎಲ್ಲ ಚೀಟಿಗಳನ್ನೂ ಹರಡಿಕೊಂಡು ಮತ್ತೆ ಓದಿದೆ. ಇನ್ನೂ ಎರಡು ಹೀಗೇ ತಪ್ಪಾಗಿದ್ದವು.

ಆಗಲೇ ಮುಂಬದಿಯ ಅಂಚನ್ನೂ ಇನ್ನೊಮ್ಮೆ ಟೂತ್‌ಪಿಕ್ಕಿನಿಂದ ಬಿಡಿಸಿದೆ. ಹೆಸರಿನ ಕೊನೆಯಲ್ಲಿ ‘ಯೂನ್ ನೋಬ್ ಸಿ’ ಕಂಡಿತು. ಕಿರಿಯ, ಅತಿ ಗೌರವದ ಸೀಸರ್. ಸೀಸರ್ ಆಗ ಕಿರಿಯ ಚಕ್ರವರ್ತಿಯ ಬಿರುದು. ಅಂದರೆ ಮಹಾ ಕಾನ್‌ಸ್ಟಂಟೈನ್ ಅಲ್ಲ, ಅವನ ಮಗ ಎರಡನೇ ಕಾನ್‌ಸ್ಟಂಟೈನ್. ತಲೆಯಲ್ಲೂ ಸುಳಿವಿತ್ತು. ಆ ವರ್ಷಗಳಲ್ಲಿ ಸಾಮಾನ್ಯವಾಗಿ ಅಪ್ಪನಿಗೆ ಅಲಂಕಾರದ ತಲೆಪಟ್ಟಿ, ಮಗನಿಗೆ ಎಲೆಗಳ ಮಾಲೆ. ವರ್ಷಪೂರ್ತಿ ಎಲೆ ನೋಡಿ ತಲೆಪಟ್ಟಿ ಎಂದುಕೊಂಡಿದ್ದೆ.

ಅಮ್ಮ ಫೋನಿನಲ್ಲಿ ಕೇಳಿದರು, “ಇಂಥವು ನಮ್ಮ ಕಡೆಗೂ ಬಂದಿದ್ವೇನಪ್ಪಾ?” ಬಂದಿದ್ದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿದ್ದು ಬೆಳ್ಳಿಯ ರೋಮನ್ ನಾಣ್ಯಗಳು, ಇವಕ್ಕಿಂತ ಮುನ್ನೂರು ವರ್ಷ ಹಳೆಯವು. ಆದರೆ ತಮಿಳುನಾಡಿನ ಕರೂರು, ಮದುರೆಯಲ್ಲಿ, ಶ್ರೀಲಂಕಾದಲ್ಲಿ ಸಿಕ್ಕಿರುವ ಪುಟ್ಟ ತಾಮ್ರದವು ನನ್ನ ಮೇಜಿನ ಮೇಲಿನವುಗಳ ಕಾಲದ್ದೇ. ಅವು ಅಂಗಡಿಯಲ್ಲಿ ಕೈಬದಲಾಗುವ ಚಿಲ್ಲರೆ. ಅಷ್ಟು ದೂರದ ಚಿಲ್ಲರೆ ನಮ್ಮ ಕಡೆಯತನಕ ಬಂದಿದೆ ಎಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದರು.

ಮೊದಲ ಚೀಲದ ಆರು ನಾಣ್ಯಗಳು ಇನ್ನೂ ಗೊತ್ತಾಗಿಲ್ಲ. ಚೀಟಿಯಲ್ಲಿ ತೂಕ, ಅಳತೆ, ಕಂಡಷ್ಟು ಚಿತ್ರ ಮಾತ್ರ ಬರೆದಿದ್ದೇನೆ. ಊಹೆ ಬರೆಯುವುದನ್ನು ಬಿಟ್ಟಿದ್ದೇನೆ. ಒಂದರಲ್ಲಿ ಈ ವಾರ ಗೆರೆಯ ಕೆಳಗೆ ಒಂದು ‘ಎಸ್’ ಕಾಣಲು ಶುರುವಾಗಿದೆ. ನಾಳೆ ಅದರ ನೀರು ಬದಲಿಸಬೇಕು.