ಹಣೆಯ ಮೊಡವೆಗೆ ಕಾರಣ ತಲೆಯಲ್ಲಿತ್ತು

ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಬೇಡ ಅಂದರೆ ಜಗಳಕ್ಕೇ ಬರುತ್ತಾರೆ. ನಾನೂ ಹಾಗೇ ಇದ್ದೆ. ಕೆನ್ನೆ ನುಣ್ಣಗೆ, ಹಣೆಯಲ್ಲಿ ಮಾತ್ರ ಕೂದಲಂಚಿನ ಉದ್ದಕ್ಕೂ ರಾಗಿಕಾಳಿನಂಥ ಗುಳ್ಳೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ಕ್ರೀಮಿಗೆ ವಾರದಲ್ಲೇ ಇಳಿಯಿತು, ಬಿಟ್ಟ ಕೂಡಲೇ ದುಪ್ಪಟ್ಟಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು!

ತುಮಕೂರಿನ ಚರ್ಮದ ಡಾಕ್ಟರು ಮೊದಲು ಕೇಳಿದ್ದು ದಿಂಬಿನ ಕವರ್ ಬಗ್ಗೆ. ಬರೀ ಜಿಡ್ಡು. ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುತ್ತಿತ್ತು.

ಈಗ ಎಣ್ಣೆ ಭಾನುವಾರ ಮಾತ್ರ, ಸ್ನಾನಕ್ಕೆ ಒಂದು ಗಂಟೆ ಮುಂಚೆ. ರಾತ್ರಿ ಮೊಡವೆಗೆ ಹಚ್ಚುವ 0.1% ಅಡಾಪಲೀನ್ ಜೆಲ್, ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ. (ಬಸುರಿಯರು ಹಚ್ಚಬಾರದು.) ಶುರುವಿನಲ್ಲಿ ಉರಿ, ಸಿಪ್ಪೆ ಜಾಸ್ತಿ, ದಿನ ಬಿಟ್ಟು ದಿನ ಹಚ್ಚಿದೆ. 12 ವಾರಕ್ಕೆ ಹಣೆ ತಿಳಿಯಾಯಿತು. ಅಜ್ಜಿ ಮಾತ್ರ ನನ್ನ ಕೂದಲು ನೋಡಿ, "ತೆಂಗಿನ ನಾರು" ಅಂತಾರೆ.